ಅವರ ಕಾರು, ನಮ್ಮ ಗೇಟು

ದಿನಾ ಬೆಳಗ್ಗೆ ಒಂದು ಬಿಳಿ ಇನ್ನೋವಾ ನಮ್ಮ ಮನೆಯ ಗೇಟಿನಿಂದ ಹೊರಗೆ ಹೋಗುತ್ತದೆ, ಸಂಜೆ ಅದೇ ಗೇಟಿನಿಂದ ಒಳಗೆ ಬರುತ್ತದೆ. ಹೋದ ವಾರ ಹೊಸದಾಗಿ ಬಂದ ಹಾಲಿನವನು, "ಏನ್ ಟೀಚರಮ್ಮ, ಇನ್ನೋವಾ ಇಟ್ಕೊಂಡು ಅರ್ಧ ಲೀಟರ್ ಹಾಲಿಗೆ ಇಷ್ಟು ಚೌಕಾಸಿ ಮಾಡ್ತೀರಲ್ಲ!" ಎಂದುಬಿಟ್ಟ. ಮೈಯೆಲ್ಲ ಉರಿಯಿತು. "ಕಾರು ನಮ್ಮದಲ್ಲ ಕಣಯ್ಯ, ಗೇಟು ಮಾತ್ರ ನಮ್ಮದು" ಎಂದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಚನ್ನವೀರಯ್ಯನವರ ಕಥೆಯನ್ನು ಪೂರ್ತಿ ಹೇಳಬೇಕು. ನಾನು ಕೌಸಲ್ಯ, ಸರ್ಕಾರಿ ಶಾಲೆಯಲ್ಲಿ ಟೀಚರಾಗಿ ರಿಟೈರ್ ಆದವಳು. ಯಾವುದನ್ನೂ ಚಿಕ್ಕದಾಗಿ ಹೇಳಿ ನನಗೆ ಅಭ್ಯಾಸವಿಲ್ಲ.

ಚನ್ನವೀರಯ್ಯನವರು ನಮ್ಮ ಪಕ್ಕದ ಮನೆಯವರು. ತುಮಕೂರಿನ ಎಸ್ಐಟಿ ಬಡಾವಣೆಯ ಹಿಂದಿನ ಬೀದಿಯಲ್ಲಿ ಅವರೂ ನಾವೂ ಒಂದೇ ವರ್ಷ ಮನೆ ಕಟ್ಟಿಸಿದೆವು. ಅವರದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ಬಿಳಿ ಪಂಚೆ, ಬಿಳಿ ಜುಬ್ಬ, ಹಣೆಯ ತುಂಬ ವಿಭೂತಿ. ಜುಬ್ಬದ ಜೇಬಿನಲ್ಲಿ ಚೀಲದ ಬಾಯಿ ಕಟ್ಟುವ ತೆಂಗಿನ ಹುರಿ ಇದ್ದೇ ಇರುತ್ತದೆ. ಕಿಟಕಿಗೆ ಪರದೆ ಹೊಲಿಸಬೇಕಾದರೂ, ಹೊಸ ಮಂಚ ಕೊಳ್ಳಬೇಕಾದರೂ ಆ ಹುರಿಯಲ್ಲೇ ಅಳೆದು ಗಂಟು ಹಾಕಿಕೊಳ್ಳುತ್ತಾರೆ. ಟೇಪು ಕೊಟ್ಟರೆ, "ಟೇಪು ಓದೋಕೆ ಕನ್ನಡಕ ಬೇಕು. ಹುರಿಗೆ ಬೆರಳು ಸಾಕು" ಎನ್ನುತ್ತಾರೆ.

ಅವರು ಗುಬ್ಬಿಗೆ ಹೋಗಿಬರುತ್ತಿದ್ದದ್ದು ಹೇಗೆ ಅಂತೀರಿ? ಮನೆಯಿಂದ ಸ್ಟೇಷನ್ನಿನವರೆಗೆ ಟಿವಿಎಸ್, ಅಲ್ಲಿಂದ ರೈಲು. ರೈಲು ತಪ್ಪಿದರೆ ಬಸ್ಸು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೆ ಕಾಯಿ ಇಳಿಸಿ ವಾಪಸ್ಸು ಹೋಗುವ ಯಾವುದಾದರೂ ಲಾರಿ. ಇಂಥ ಮನುಷ್ಯನಿಗೆ ಕಾರಿನ ಹುಚ್ಚು ಚಿಕ್ಕಂದಿನಿಂದಲೇ ಹತ್ತಿತ್ತು. ಗುಬ್ಬಿಯ ಮಂಡಿ ಸಾಹುಕಾರರೊಬ್ಬರ ಅಂಬಾಸಿಡರ್ ಬೀದಿಗೆ ಬಂದರೆ ಇವರು ಅದರ ಹಿಂದೆ ಓಡಿ, ಪೆಟ್ರೋಲಿನ ವಾಸನೆ ಕುಡಿದು ಬರುತ್ತಿದ್ದರಂತೆ. ಈಗಲೂ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಕೆಂಪು ಸಿಗ್ನಲ್ ಬಿದ್ದಾಗ ಊರಿನವರೆಲ್ಲ ಶಪಿಸಿದರೆ, ಇವರೊಬ್ಬರು ಖುಷಿಪಡುತ್ತಾರೆ. ಅಷ್ಟು ಹೊತ್ತು ಅಕ್ಕಪಕ್ಕದ ಕಾರುಗಳನ್ನು ನೋಡಬಹುದಲ್ಲ! ಯಾರ ಮದುವೆಗೆ ಹೋದರೂ ವಧೂವರರಿಗಿಂತ ಮೊದಲು ಇವರು ನೋಡುವುದು ಪಾರ್ಕಿಂಗ್ ಜಾಗವನ್ನು. ಥಾರ್ ಎಂದರೆ ಗೌರವ, ಫಾರ್ಚೂನರ್ ಎಂದರೆ ಭಕ್ತಿ, ಇನ್ನೋವಾ ಎಂದರೆ ಪ್ರೀತಿ. "ಇನ್ನೋವಾ ಸಂಸಾರಸ್ಥರ ಕಾರು ಟೀಚರಮ್ಮ. ಎಷ್ಟು ಜನ ನೆಂಟ್ರು ಬಂದ್ರೂ ಬೇಜಾರು ಮಾಡ್ಕೊಳ್ಳಲ್ಲ" ಎನ್ನುತ್ತಿದ್ದರು.

ಅವರ ಹೆಂಡತಿ ಕರಿಬಸಮ್ಮನಿಗೆ ಕಾರಿನ ಹುಚ್ಚೇನೂ ಇರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಒಂದು ಆಸೆ. ಅದನ್ನು ಹೇಳಬೇಕಾದರೆ ಕುಣಿಗಲ್ಲಿಗೆ ಹೋಗಬೇಕು.

ಕುಣಿಗಲ್ಲು ಅವಳ ತವರು. ಅಲ್ಲಿ ಅವಳ ಅಣ್ಣ, ಅತ್ತಿಗೆ ಶಿವಗಂಗಮ್ಮ ಇದ್ದಾರೆ. ಶಿವಗಂಗಮ್ಮ ಕೆಟ್ಟವಳಲ್ಲ, ಆದರೆ ಸಕ್ಕರೆ ಸವರಿ ಚುಚ್ಚುವುದರಲ್ಲಿ ನಿಸ್ಸೀಮಳು. ಎರಡು ವರ್ಷದ ಹಿಂದೆ ಅಣ್ಣನ ಮಗನ ಮದುವೆಗೆ ಕರಿಬಸಮ್ಮ ಬಸ್ಸಿನಲ್ಲಿ ನಿಂತುಕೊಂಡೇ ಹೋದಳು. ರೇಷ್ಮೆ ಸೀರೆ ಮುದ್ದೆಯಾಗಿತ್ತು, ಮುಡಿದ ಹೂವು ಯಾರದೋ ಬ್ಯಾಗಿಗೆ ಸಿಕ್ಕಿ ಹೋಗಿತ್ತು. ಛತ್ರದ ಬಾಗಿಲಲ್ಲಿ ಬೀಗರ ಎದುರಿಗೆ ಶಿವಗಂಗಮ್ಮ, "ಬಸ್ಸು ರಶ್ಶಿತ್ತೇನಮ್ಮ? ಫ್ರೀ ಮಾಡಿದ್ಮೇಲೆ ನಮ್ಮ ಹೆಣ್ಮಕ್ಕಳಿಗೆ ಕಾಲು ನಿಲ್ಲಲ್ಲ ನೋಡಿ" ಎಂದು ನಕ್ಕಳಂತೆ. ಅವತ್ತು ರಾತ್ರಿ ಊರಿಗೆ ಬಂದವಳೇ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತಳು. ನಾನೂ ಅವಳೂ ಅದೇ ಫ್ರೀ ಬಸ್ಸಿನಲ್ಲಿ ಗುಬ್ಬಿಯಪ್ಪನ ದರ್ಶನಕ್ಕೆಂದು ಎಷ್ಟು ಸಲ ಹೋಗಿದ್ದೆವೋ ಲೆಕ್ಕವಿಲ್ಲ. ಬಸ್ಸಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಆ ನಗುವಿನ ಮೇಲೆ.

"ಒಂದ್ಸಲ ಕಣ್ರೀ ಟೀಚರ್. ಒಂದೇ ಒಂದ್ಸಲ ನಮ್ದೇ ಕಾರಲ್ಲಿ ಹೋಗಿ ತವರುಮನೆ ಬಾಗ್ಲಲ್ಲಿ ಇಳೀಬೇಕು. ಅತ್ಗೆ ಎದುರಿಗೆ ಇಳೀಬೇಕು. 'ಬಸ್ಸು ರಶ್ಶು ಅತ್ಗೆ, ಅದಕ್ಕೆ ಕಾರಲ್ಲೇ ಬಂದ್ವಿ' ಅನ್ಬೇಕು. ಅಷ್ಟೇ."

ಚನ್ನವೀರಯ್ಯನವರು ಇನ್ನೋವಾ ಕೊಂಡದ್ದು ಅದಾದ ಮೇಲೆ. ಆ ವಯಸ್ಸಿನಲ್ಲಿ ಎಲ್ ಬೋರ್ಡಿನ ಕಾರಿನಲ್ಲಿ ಕೂತು ಡ್ರೈವಿಂಗ್ ಕಲಿತರು. ಶೋರೂಮಿನಿಂದ ನೇರ ಗಣಪತಿ ದೇವಸ್ಥಾನಕ್ಕೆ ಹೋಗಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹಣ್ಣು ಪಚಕ್ ಅಂದಾಗ ಅವರ ಕಣ್ಣಲ್ಲಿ ನೀರು. ಸೀಟಿನ ಪ್ಲಾಸ್ಟಿಕ್ ತೆಗೆಯಲಿಲ್ಲ. ಕರಿಬಸಮ್ಮನ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿಸಿ ಕಾರಿಗೆ ಮುಸುಕು ಮಾಡಿದರು. ಕುಣಿಗಲ್ಲಿಗೆ ಯಾವಾಗ ಹೋಗೋಣ ಎಂದು ಅವರೇ ಕೇಳಿದರು. "ಸುಮ್ಮನೆ ಹೋದ್ರೆ ಏನು ಚೆಂದ? ನಾಲ್ಕು ಜನ ಸೇರೋ ಕಾರ್ಯ ಬರ್ಲಿ" ಎಂದು ಕರಿಬಸಮ್ಮನೇ ತಡೆದಳು. ನೋಡುವವರಿಲ್ಲದ ಮೇಲೆ ಇಳಿದರೆಷ್ಟು, ಬಿಟ್ಟರೆಷ್ಟು! ಅವಳ ಲೆಕ್ಕವೂ ತಪ್ಪಲ್ಲ.

ಆಮೇಲೆ ಒಂದು ದಿನ ಕ್ಯಾತ್ಸಂದ್ರದ ಹತ್ತಿರ ಯಾರದೋ ಸ್ಕೂಟರು ಕಾರಿನ ಹಿಂಭಾಗವನ್ನು ಸವರಿಕೊಂಡು ಹೋಯಿತು. ಬಿದ್ದದ್ದು ಒಂದು ಸಣ್ಣ ಗೀಚು. ಚನ್ನವೀರಯ್ಯನವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ವಾಸ್ತು ನೋಡುವ ಅನಂತರಾಜು ಎಂಬವನನ್ನು ಕರೆಸಿದರು. ಅವನು ದಿಕ್ಸೂಚಿ ಹಿಡಿದು ಅಂಗಳವನ್ನೆಲ್ಲ ಸುತ್ತಿ, "ಗೇಟು ಆಗ್ನೇಯದಲ್ಲಿದೆ. ವಾಹನಕ್ಕೆ ಕಂಟಕ. ಅದನ್ನ ಮುಚ್ಚಿ ಈಶಾನ್ಯದಲ್ಲಿ ತೆಗೀರಿ. ಗಜಾಯ ಬರೋ ಹಾಗೆ ಅಗಲ ನಾನು ಹೇಳ್ತೀನಿ" ಎಂದ. ಮನೆಯ, ಬಾಗಿಲ ಅಳತೆ ಶುಭವಾಗಿ ಬಂದರೆ ಅದಕ್ಕೆ ಆಯ ಎನ್ನುತ್ತಾರೆ. ಗಜಾಯ ಬಂದರೆ ಆನೆಯಷ್ಟು ಐಶ್ವರ್ಯವಂತೆ. ಗೇಟು ಕೂರಿಸಿ ಪೂಜೆಯಾದ ಮೇಲೆ ಒಂದು ವರ್ಷ ಅದಕ್ಕೆ ಯಾರೂ ಕೈ ಹಾಕಬಾರದು, ಮುಚ್ಚಿದ ಆಗ್ನೇಯವನ್ನಂತೂ ಎಂದಿಗೂ ತೆರೆಯಬಾರದು ಎಂದೂ ಕಟ್ಟುನಿಟ್ಟು ಮಾಡಿದ.

ಕಾರು ಅಂಗಳದಲ್ಲಿ ಮುಸುಕು ಹೊದ್ದು ನಿಂತಿದ್ದ ಹಾಗೆಯೇ ಹಳೆಯ ಗೇಟಿನ ಜಾಗಕ್ಕೆ ಗೋಡೆ ಎದ್ದಿತು, ಹೊಸ ಮೂಲೆಯಲ್ಲಿ ಎರಡು ಕಂಬ ನಿಂತವು. ಕಂಬಕ್ಕೆ ಕರೀ ಗ್ರಾನೈಟು ಹೊದಿಸಿದರು. ಫಳಫಳ ಹೊಳೆಯುತ್ತಿತ್ತು. ಬೀದಿಯ ಹೆಂಗಸರೆಲ್ಲ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡು ಹೋಗುತ್ತಿದ್ದರು.

ಅಲ್ಲಿಂದ ಶುರುವಾಯಿತು ವಿಚಿತ್ರ. ಚನ್ನವೀರಯ್ಯನವರು ಕಾರು ತೆಗೆಯುವುದನ್ನೇ ನಿಲ್ಲಿಸಿಬಿಟ್ಟರು! ದಿನಾ ಬೆಳಗ್ಗೆ ಮುಸುಕು ತೆಗೆದು ಒರೆಸುವರು, ಸ್ಟಾರ್ಟ್ ಮಾಡುವರು, ಅಂಗಳದಲ್ಲೇ ಒಂದು ಮಾರು ಮುಂದೆ, ಒಂದು ಮಾರು ಹಿಂದೆ. ಒಳಗೆ ಕೂತು ಕಾಫಿ ಕುಡಿಯುವರು. ಆಮೇಲೆ ಮುಸುಕು ಹೊದಿಸಿ, ಟಿವಿಎಸ್ ಹತ್ತಿ ಸ್ಟೇಷನ್ನಿಗೆ ಹೊರಡುವರು. ಕೇಳಿದರೆ ಒಂದು ದಿನ ರಾಹುಕಾಲ, ಇನ್ನೊಂದು ದಿನ ಶೂಲ. ಮಳೆ ಬಂದರೆ ಕೆಸರು, ಬರದಿದ್ದರೆ ಧೂಳು. ಬಿ.ಎಚ್. ರಸ್ತೆ ಅಗೆದಿದ್ದಾರೆ, ರಿಂಗ್ ರಸ್ತೆಯಲ್ಲಿ ಲಾರಿಗಳ ಕಾಟ. ನಾನು ಬಾಯಿ ಬಿಟ್ಟೇ ಹೇಳಿದೆ: "ಕಾರು ಅಂದ್ರೆ ನಿಮಗೆ ಉತ್ಸವಮೂರ್ತಿ ಆಗೋಯ್ತು ಬಿಡಿ. ಅದಕ್ಕಾದ್ರೂ ವರ್ಷಕ್ಕೊಂದ್ಸಲ ಬೀದಿ ದರ್ಶನ ಇರುತ್ತೆ." ಅವರು ನಕ್ಕು ಮುಸುಕು ಸರಿಮಾಡಿದರು.

ಕಂಬಕ್ಕೆ ಮಾತ್ರ ಅವರು ತೋರಿದ ಭಕ್ತಿ ಅಷ್ಟಿಷ್ಟಲ್ಲ. ಬಲಗಡೆಯ ಗ್ರಾನೈಟ್ ಕಂಬಕ್ಕೆ, ಸೊಂಟದ ಎತ್ತರದಲ್ಲಿ, ದಿನಾ ಮೂರು ಪಟ್ಟೆ ವಿಭೂತಿ. ಎಡಗಂಬಕ್ಕೆ ಏನೂ ಇಲ್ಲ. ಲಿಂಗವಂತರ ಪದ್ಧತಿ ಇರಬೇಕು ಎಂದುಕೊಂಡು ನಾನೂ ಹಾದುಹೋಗುವಾಗ ಅದಕ್ಕೆ ಕೈಮುಗಿಯುತ್ತಿದ್ದೆ. ಕರಿಬಸಮ್ಮನದು ಬೇರೆ ಗೋಳು. "ಇವ್ರು ಯಾಕೋ ನೆಟ್ಟಗೆ ಊಟಾನೇ ಮಾಡಲ್ಲ ಕಣ್ರೀ. ಡಾಕ್ಟ್ರ ಹತ್ರ ಹೋಗಿ ಅಂದ್ರೆ ಕೇಳಲ್ಲ. ಮುದ್ದೆ ಮುರಿದು ತಟ್ಟೇಲೇ ಬಿಡ್ತಾರೆ" ಎನ್ನುತ್ತಿದ್ದಳು.

ಹೀಗೆ ಎಂಟು ತಿಂಗಳು ಕಳೆಯಿತು. ಅಷ್ಟರಲ್ಲಿ ಕುಣಿಗಲ್ಲಿನಿಂದ ಫೋನು ಬಂತು. ಅಣ್ಣ ದೊಡ್ಡ ಕೆರೆಯ ಕಡೆಗೆ ಹೊಸ ಮನೆ ಕಟ್ಟಿಸಿದ್ದ, ಬರುವ ಭಾನುವಾರ ಗೃಹಪ್ರವೇಶ. ಕರಿಬಸಮ್ಮ ಹಿಂದೆಮುಂದೆ ನೋಡದೆ ಅತ್ತಿಗೆಗೆ, "ನಮ್ ಕಾರಲ್ಲೇ ಬರ್ತೀವಿ. ಪಕ್ಕದ್ಮನೆ ಟೀಚರನ್ನೂ ಅವ್ರ ಯಜಮಾನ್ರನ್ನೂ ಕರ್ಕೊಂಡು ಬರ್ತೀವಿ" ಎಂದುಬಿಟ್ಟಳು. ಆಮೇಲೆ ಗಂಡನ ಎದುರಿಗೆ ನಿಂತು ಹೇಳಿದ್ದು ನಮ್ಮ ಮನೆಯವರೆಗೂ ಕೇಳಿಸಿತು:

"ಈ ಸಲ ಶೂಲ ಗೀಲ ಅಂದ್ರೆ ನಾನು ಕೇಳಾಕಿಲ್ಲ. ಕಾರು ತೆಗೀತೀರೋ ಸರಿ. ಇಲ್ಲಾಂದ್ರೆ ನಾನು ಅಣ್ಣನ ಮನೆ ಗೃಹಪ್ರವೇಶಕ್ಕೇ ಹೋಗಲ್ಲ."

"ಒಂದು ಟ್ಯಾಕ್ಸಿ ಹೇಳಣಾ ಕಣೇ..." ಎಂದರು ಚನ್ನವೀರಯ್ಯ.

"ಮನೇಲಿ ಬಿಳೀ ಬೋರ್ಡ್ ಕಾರಿಟ್ಕೊಂಡು ಹಳದಿ ಬೋರ್ಡಲ್ಲಿ ಹೋಗಿ ಇಳೀಲಾ? ಅದಕ್ಕಿಂತ ಬಸ್ಸೇ ವಾಸಿ!"

ಅವಳು ಆಡಿದರೆ ಆಡಿದ್ದೇ. ಒಡಹುಟ್ಟಿದವನ ಮನೆಯ ಹಾಲುಕ್ಕುವುದನ್ನು ನೋಡದೆ ಕೂತುಬಿಡುವಳು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನಗೆ ಚನ್ನವೀರಯ್ಯನವರ ಮೇಲೆ ಕೆಂಡದಂಥ ಕೋಪ ಬಂತು. ಇಂಥ ಜಿಪುಣ ಪ್ರೀತಿಯೂ ಉಂಟೇ?

ಮರುದಿನ ಬೆಳಗ್ಗೆ ಕರಿಬಸಮ್ಮ ಸಂತೆಗೆಂದು ಹೋಗಿದ್ದಳು. ನಾನು ನಮ್ಮ ಕಾಂಪೌಂಡಿನ ಪಕ್ಕ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದೆ. ಗೋಡೆಯಾಚೆ ಚನ್ನವೀರಯ್ಯನವರು ಜೇಬಿನಿಂದ ಹುರಿ ತೆಗೆದು ಕಾರಿನ ಮೂತಿಯನ್ನು ಅಡ್ಡಲಾಗಿ ಅಳೆದರು. ಹುರಿಯಲ್ಲಿ ಆಗಲೇ ಒಂದು ಗಂಟಿತ್ತು, ಕಾರಿನ ಅಳತೆ ಸರಿಯಾಗಿ ಅಲ್ಲಿಗೇ ಬಂತು. ಆಮೇಲೆ ಗೇಟಿಗೆ ಹೋಗಿ ಕಂಬದಿಂದ ಕಂಬಕ್ಕೆ ಎಳೆದರು. ಗಂಟು ಕಂಬದ ಆಚೆಗೆ ಹೋಯಿತು. ಇನ್ನೊಮ್ಮೆ ಎಳೆದರು. ಗಂಟು ಮತ್ತೆ ಆಚೆಗೇ ಹೋಯಿತು. ಹುರಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ತಲೆಯ ಮೇಲೆ ಕೈ ಹೊತ್ತರು.

ನನ್ನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಕಾರು ಒಳಗಿರುವಾಗಲೇ ಗೇಟು ಕಟ್ಟಿದ್ದಾರೆ. ಗಜಾಯ ಬಂದಿದೆ, ಕಾರಿಗೆ ದಾರಿ ಬಂದಿಲ್ಲ!

ನನ್ನನ್ನು ನೋಡಿದ ತಕ್ಷಣ ಅವರು ಎದ್ದು ಕೈಮುಗಿದರು. "ಟೀಚರಮ್ಮ, ನಿಮ್ ಕಾಲಿಗೆ ಬೀಳ್ತೀನಿ, ಯಾರ್ಗೂ ಹೇಳ್ಬೇಡಿ. ಅವಳಿಗಂತೂ ಹೇಳ್ಲೇಬೇಡಿ."

"ಏನ್ರೀ ಇದು ಚನ್ನವೀರಯ್ನೋರೆ, ಕಂಬ ನಿಲ್ಲಿಸುವಾಗ ಅಳೀಲಿಲ್ವಾ?"

"ಅಳೀದೆ ಇರ್ತೀನಾ? ಬರೀ ಕಂಬ ಇದ್ದಾಗ ಎರಡು ಬೆರಳು ಜಾಸ್ತೀನೇ ಇತ್ತು. ಗ್ರಾನೈಟ್ ಹಾಕಿದ್ಮೇಲೆ ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ತಿಂದ್ಕೊಂಡ್ತು. ಈಗ ಎರಡು ಬೆರಳು ಕಮ್ಮಿ. ನೀವಿಬ್ರೂ ಗುಬ್ಬಿಗೆ ಹೋದಾಗ ಒಂದ್ಸಲ ಕನ್ನಡಿ ಮಡಿಚಿ ತೆಗೆಯೋಕೆ ನೋಡ್ದೆ. ಉಜ್ಕೊಂಡ್ತು. ಕಂಬಕ್ಕೆ ಬಿಳೀ ಬಣ್ಣ ಹತ್ಕೊಂಡ್ತು. ತಿಕ್ಕಿದ್ರೂ ಹೋಗ್ಲಿಲ್ಲ."

ವಿಭೂತಿ! ನಾನು ಅಷ್ಟು ದಿನ ಕೈಮುಗಿದದ್ದು ಇನ್ನೋವಾದ ಬಣ್ಣಕ್ಕೆ. ನಗಬೇಕೋ ಬೈಯಬೇಕೋ ಗೊತ್ತಾಗಲಿಲ್ಲ. "ಹೋಗ್ಲಿ, ಆ ಗ್ರಾನೈಟ್ ಕೀಳಿಸಿ ಬಿಸಾಕಿ. ಕರಿಬಸಮ್ಮನಿಗೆ ನಿಜ ಹೇಳಿದ್ರೆ ಆಯ್ತಪ್ಪ" ಎಂದೆ.

ಅವರು ಹುರಿಯ ಗಂಟನ್ನು ತಿರುವುತ್ತಾ ಮೆಲ್ಲಗೆ ಹೇಳಿದರು: "ಗ್ರಾನೈಟ್ ಅವಳ ಆಸೆ ಟೀಚರಮ್ಮ. ಅವಳ ಅತ್ಗೆ ಕಟ್ಟಿಸ್ತಿದ್ದ ಹೊಸ ಮನೆ ಕಂಬಕ್ಕೆ ಕರೀ ಗ್ರಾನೈಟ್ ಹಾಕ್ಸವ್ರೆ ಅಂತ ಮೊಬೈಲಲ್ಲಿ ಫೋಟೋ ಬಂದಿತ್ತು. ನಮಗೂ ಹಾಕ್ಸಿ ಅಂದ್ಲು. ಮನೆಗೆ ಇಂಥದ್ದು ಬೇಕು ಅಂತ ಅವಳು ಬಾಯ್ಬಿಟ್ಟು ಕೇಳಿದ್ದು ಅದೊಂದೇ. ನಿನ್ ಗ್ರಾನೈಟಿಂದ ಕಾರು ಒಳಗೇ ಸಿಕ್ಕಾಕ್ಕೊಂಡೈತೆ ಅಂತ ಹೆಂಗೆ ಹೇಳ್ಲಿ? ವರ್ಷ ತುಂಬಿದ್ಮೇಲೆ ಏನಾದ್ರೂ ನೆಪ ಮಾಡಿ ಅಗಲ ಮಾಡ್ಸಣಾ ಅಂತಿದ್ದೆ. ಅಷ್ಟ್ರಲ್ಲಿ ಈ ಗೃಹಪ್ರವೇಶ ಬಂತು."

ಜಿಪುಣ ಎಂದು ನಾನು ಬೈದುಕೊಂಡ ಮನುಷ್ಯ ಎಂಟು ತಿಂಗಳು ಊರಿನವರ ನಗೆಯನ್ನೆಲ್ಲ ನುಂಗಿಕೊಂಡು ಸುಮ್ಮನಿದ್ದ. ನನಗೆ ಅಲ್ಲೇ ಕಣ್ಣು ತುಂಬಿತು.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಗಂಡನಿಗೆ ಹೇಳಿದರೆ ಯಾರಿಗೋ ಹೇಳಿದ ಹಾಗಲ್ಲವಲ್ಲ. ಒಳಗೆ ಹೋದವಳೇ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ನಮ್ಮ ಯಜಮಾನರು ಸುಬ್ಬಕೃಷ್ಣ, ಬ್ಯಾಂಕಿನಲ್ಲಿದ್ದವರು, ಮನೆ ಬಿದ್ದರೂ ಪೇಪರು ಮಡಿಸಿಟ್ಟು ಏಳುವ ಸ್ವಭಾವ. ಅವರು ಪೇಪರು ಮಡಿಸಿಟ್ಟು, "ಬಿದರೆಹಳ್ಳಿ ಕಾವಲ್‌ನಲ್ಲಿ ಹೆಲಿಕಾಪ್ಟರ್ ಮಾಡ್ತಾರಲ್ಲ, ಒಂದು ತರಿಸೋಣ. ಹಗ್ಗ ಕಟ್ಟಿ ಮೇಲಿಂದ ಎತ್ತಿಬಿಡಬಹುದು" ಎಂದರು.

"ತಮಾಷೆ ಸಾಕು. ಅವಳು ತವರಿಗೆ ಹೋಗದೆ ಕೂತರೆ ಏನು ಗತಿ?"

ಅವರು ಎದ್ದು ಹೊರಗೆ ಹೋಗಿ ನಮ್ಮ ಗೇಟನ್ನು ನೋಡುತ್ತಾ ನಿಂತರು. ಈ ಗೇಟಿನದೂ ಒಂದು ಕಥೆ. ಮನೆ ಕಟ್ಟಿಸುವಾಗ ಅವರು ಮುಂದೆ ಕಾರು ಕೊಳ್ಳುವುದು ಖಂಡಿತ ಎಂದು ಲಾರಿ ನುಗ್ಗುವಷ್ಟು ಅಗಲದ ಗೇಟು ಮಾಡಿಸಿದರು. ಅಂಗಳವನ್ನೂ ಅಷ್ಟೇ ಅಗಲ ಬಿಡಿಸಿದರು. ಆಮೇಲೆ ಮಕ್ಕಳ ಓದು, ಮದುವೆ, ಅವರ ಮೊಣಕಾಲು, ನನ್ನ ಕಣ್ಣು ಎಂದು ಕಾರು ಹಿಂದಕ್ಕೆ ಹೋಗುತ್ತಲೇ ಇತ್ತು. ಆ ಗೇಟಿನ ಒಂದು ರೆಕ್ಕೆ ತೆಗೆದು ಇವರು ಚೇತಕ್ ಸ್ಕೂಟರನ್ನು ಎಡಕ್ಕೆ ಒರಗಿಸಿ ಒದೆಯುವುದು ನಮ್ಮ ಬೀದಿಯ ಬೆಳಗಿನ ಸದ್ದು. ಇನ್ನೊಂದು ರೆಕ್ಕೆ ತುಕ್ಕು ಹಿಡಿದು ಕೂತಿತ್ತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು ಎರಡು ಮನೆಗಳ ಪಾಡು.

"ಕೌಸಲ್ಯಾ, ನಮ್ಮ ಮಧ್ಯದ ಕಾಂಪೌಂಡು ಕಟ್ಟಿಸಿದ್ದು ಯಾರು?" ಎಂದು ಕೇಳಿದರು.

"ನಾವೇ."

"ಹಾಗಾದ್ರೆ ಒಡೆಯೋದೂ ನಾವೇ."

"ನನ್ನ ಮಲ್ಲಿಗೆ!" ಎಂದು ಚೀರಿದೆ. ಆ ಗೋಡೆಯ ಮೇಲೆ ಹಬ್ಬಿದ ಬಳ್ಳಿ ನನ್ನ ಕೈಯಾರೆ ಬೆಳೆಸಿದ್ದು, ಇಡೀ ಬೀದಿ ಅದರ ಹೂವು ಮುಡಿಯುತ್ತಿತ್ತು. ಒಂದು ಹೊತ್ತು ಪೂರ್ತಿ ಅವರ ಹತ್ತಿರ ಮಾತು ಬಿಟ್ಟೆ. ಮಧ್ಯಾಹ್ನ ಅಡುಗೆಗೆ ಉಪ್ಪು ಹಾಕುವುದನ್ನೂ ಮರೆತೆ. ಸಂಜೆ ಕರಿಬಸಮ್ಮ ಬಂದು, ಕುಣಿಗಲ್ಲಿಗೆ ಉಡಲೆಂದು ತೆಗೆದಿಟ್ಟ ಹಸಿರು ಸೀರೆಯನ್ನು ವಾಪಸ್ಸು ಬೀರುವಿನಲ್ಲಿಟ್ಟೆ ಎಂದು ಹೇಳಿದಳು. ಅವಳ ಮುಖ ನೋಡಲಾಗಲಿಲ್ಲ. ಅವಳು ಹೋದ ಮೇಲೆ ಕತ್ತರಿ ತೆಗೆದುಕೊಂಡು ನಾನೇ ಬಳ್ಳಿಯನ್ನು ಗೋಡೆಯಿಂದ ಬಿಡಿಸಲು ಶುರುಮಾಡಿದೆ.

ಚನ್ನವೀರಯ್ಯನವರಿಗೆ ವಿಷಯ ಹೇಳಿದಾಗ ಅವರು ಮೊದಲು ಹೆದರಿದ್ದು ವಾಸ್ತುವಿಗೆ. "ಸಾರ್, ನಮ್ ಕಡೆಯಿಂದ ಅದು ದಕ್ಷಿಣ ಆಗ್ತದೆ. ಯಮನ ದಿಕ್ಕು."

"ನಿಮಗೆ ದಕ್ಷಿಣ. ನಮಗೆ ಉತ್ತರ, ಕುಬೇರನ ದಿಕ್ಕು" ಎಂದರು ನಮ್ಮವರು ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಗಂಭೀರ ದನಿಯಲ್ಲಿ. "ಗೋಡೆ ನಮ್ಮದು, ಆದ್ದರಿಂದ ದಿಕ್ಕೂ ನಮ್ಮದೇ. ನಿಮ್ಮ ಗಜಾಯಕ್ಕೆ ಯಾರೂ ಕೈ ಹಾಕಲ್ಲ, ಆಗ್ನೇಯಾನೂ ತೆಗೆಯಲ್ಲ." ಕುಬೇರನ ದಿಕ್ಕಾದರೆ ಅಡ್ಡಿಯಿಲ್ಲ ಎಂದು ಚನ್ನವೀರಯ್ಯ ಒಪ್ಪಿದರು.

ಕರಿಬಸಮ್ಮನಿಗೆ ಏನು ಹೇಳುವುದು? ಅದಕ್ಕೂ ನಮ್ಮವರೇ ಹೋದರು. "ನೋಡಿ ಕರಿಬಸಮ್ಮನವರೇ, ಗೇಟು ಮಾಡಿಸಿ ಮೂವತ್ತು ವರ್ಷ ಆಯ್ತು. ಒಂದು ಕಾರೂ ಅದರಲ್ಲಿ ಹೋಗಿಲ್ಲ. ಭಾನುವಾರ ನಿಮ್ಮ ಕಾರು ನಮ್ಮ ಗೇಟಿನಿಂದ ಹೊರಡಲಿ ಅಂತ ನನಗೊಂದು ಆಸೆ. ಗೋಡೆ ಹೋದರೆ ಹೋಗ್ಲಿ" ಎಂದರು. ನೆಪಕ್ಕೆ ಹೇಳಿದ ಮಾತು, ಆದರೆ ಹೇಳುವಾಗ ಅವರು ನಮ್ಮ ಗೇಟಿನ ಕಡೆಗೇ ನೋಡುತ್ತಿದ್ದರು. ಅದು ನಿಜವಾದ ಆಸೆ ಎಂದು ನನಗೂ ಅವತ್ತೇ ಗೊತ್ತಾದದ್ದು. ಕರಿಬಸಮ್ಮ, "ಅಯ್ಯೋ, ಅದಕ್ಕೇನಂತೆ ಸಾರ್" ಎಂದವಳು, ಮರುಗಳಿಗೆಯಲ್ಲೇ ಹಸಿರು ಸೀರೆ ಹೊರಗೆ ತೆಗೆದಳು. ಶನಿವಾರ ಗಾರೆಯವರು ಬಂದು ಗೋಡೆಯ ಮುಂಭಾಗ ಕೆಡವಿದರು. ಕಾರ್ಯ ಮುಗಿದ ಮೇಲೆ ಮತ್ತೆ ಕಟ್ಟಿಸಿಕೊಡುತ್ತೇನೆ ಎಂದು ಚನ್ನವೀರಯ್ಯ ಹೇಳಿದ್ದರು. ಇವತ್ತಿಗೂ ಕಟ್ಟಿಸಿಲ್ಲ, ನಾವೂ ಕೇಳಿಲ್ಲ.

ಭಾನುವಾರ ಬೆಳಗ್ಗೆ ತುಕ್ಕು ಹಿಡಿದ ರೆಕ್ಕೆಗೆ ಎಣ್ಣೆ ಬಿಟ್ಟು, ಎರಡೂ ರೆಕ್ಕೆ ತೆಗೆದು, ನಮ್ಮವರು ಗೇಟಿನ ಪಕ್ಕ ಪೊಲೀಸಿನ ಹಾಗೆ ನಿಂತರು. ಇನ್ನೋವಾ ಮುಸುಕು ಕಳಚಿ, ಗೋಡೆಯಿದ್ದ ಜಾಗ ದಾಟಿ, ನನ್ನ ತುಳಸಿಕಟ್ಟೆಯನ್ನು ಒಂದು ಗೇಣಿನಲ್ಲಿ ತಪ್ಪಿಸಿಕೊಂಡು ಬೀದಿಗೆ ಬಂತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಗೇಟು ಹಾಕಿ ನಾವು ಕಾರು ಹತ್ತಿದಾಗ ಚನ್ನವೀರಯ್ಯನವರು ಹಿಂದೆ ತಿರುಗಿ ನಮ್ಮವರ ಕೈ ಹಿಡಿದುಕೊಂಡರು.

ಕರಿಬಸಮ್ಮ ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಹಿಂದೆ. ಗೂಳೂರು, ನಾಗವಲ್ಲಿ, ಹೆಬ್ಬೂರು ಎಂದು ದಾಟುವಾಗ ಎತ್ತಿನಗಾಡಿಯೂ ನಮ್ಮನ್ನು ಹಿಂದೆ ಹಾಕಬಹುದಿತ್ತು, ಅಷ್ಟು ಜೋಪಾನ. ಎದುರಿಗೆ ಸರ್ಕಾರಿ ಬಸ್ಸು ಬಂದರೆ ಚನ್ನವೀರಯ್ಯ ಹಿರಿಯರಿಗೆ ದಾರಿ ಬಿಟ್ಟ ಹಾಗೆ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಕರಿಬಸಮ್ಮ ದಾರಿಯುದ್ದಕ್ಕೂ ತುಟಿಯಲ್ಲೇ ಪಾಠ ಒಪ್ಪಿಸುತ್ತಿದ್ದಳು: "ಬಸ್ಸು ರಶ್ಶು ಅತ್ಗೆ, ಅದಕ್ಕೆ ಕಾರಲ್ಲೇ ಬಂದ್ವಿ." ನಾನು ಹಿಂದಿನಿಂದ, "ಸ್ವಲ್ಪ ನಿಧಾನಕ್ಕೆ ಹೇಳು, ಆಗ ಚೆನ್ನಾಗಿ ನಾಟುತ್ತೆ" ಎಂದು ತಿದ್ದಿದೆ. ಕುಣಿಗಲ್ಲಿನಲ್ಲಿ ಕುದುರೆ ಫಾರಂ ಹತ್ತಿರ ನಮ್ಮವರು, "ಆ ಕುದುರೆಗಳು ನಮ್ಮನ್ನ ನೋಡಿ ನಗ್ತಿವೆ, ಸ್ವಲ್ಪ ವೇಗ ಹೋಗಿ ಚನ್ನವೀರಯ್ಯ" ಎಂದರು.

ಹೊಸ ಮನೆಯ ಮುಂದೆ ಚಪ್ಪರ, ತಳಿರುತೋರಣ, ನೂರಾರು ಜನ. ಗೇಟಿಗೆ ಎರಡು ದೊಡ್ಡ ಕಂಬ, ಎರಡಕ್ಕೂ ಕರೀ ಗ್ರಾನೈಟು. ಗೇಟಿನಿಂದ ಮನೆ ಬಾಗಿಲಿನವರೆಗೆ ಕಲ್ಲು ಹಾಸಿದ ದಾರಿ. ಬಾಗಿಲಲ್ಲಿ ಶಿವಗಂಗಮ್ಮ ಜರತಾರಿ ಸೀರೆಯುಟ್ಟು ನಿಂತಿದ್ದಳು. ಅಣ್ಣ ಓಡಿಬಂದು, "ಭಾವ, ಇಲ್ಯಾಕೆ ನಿಲ್ಲಿಸ್ತೀರಾ, ಬಾಗಿಲ್‌ತನಕ ತನ್ನಿ" ಎಂದ.

ಕಾರು ಅಲುಗಲಿಲ್ಲ. ಚನ್ನವೀರಯ್ಯನವರು ಗ್ರಾನೈಟ್ ಕಂಬಗಳನ್ನೇ ನೋಡುತ್ತಿದ್ದರು. ನಾನು, "ಹೋಗಿ, ಬೇಕಾದಷ್ಟು ಅಗಲ ಇದೆ" ಎಂದು ಪಿಸುಗುಟ್ಟಿದೆ. ಅವರಿಗೆ ಕೇಳಿಸಲಿಲ್ಲ. ಬಾಗಿಲು ತೆಗೆದು ಇಳಿದೇಬಿಟ್ಟರು. ಜುಬ್ಬದ ಜೇಬಿನಿಂದ ಹುರಿ ತೆಗೆದು, ಅಷ್ಟು ಜನರ ಎದುರಿಗೆ, ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಳೆದು ನೋಡಿದರು!

"ಏನ್ ಯಜಮಾನ್ರೇ, ಸೈಟ್ ಅಳೀತಾ ಇದೀರಾ?" ಎಂದು ಯಾರೋ ಕೂಗಿದರು. ಚಪ್ಪರವೆಲ್ಲ ನಕ್ಕಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಗಂಟು ಎರಡು ಕಂಬದ ನಡುವೆಯೇ ನಿಂತಿತು, ಆಮೇಲೂ ಒಂದು ಹಸು ನುಗ್ಗುವಷ್ಟು ಜಾಗ ಉಳಿದಿತ್ತು. ನಿಟ್ಟುಸಿರುಬಿಟ್ಟು ಬಂದು ಸೀಟಿನಲ್ಲಿ ಕೂತರು.

ಕರಿಬಸಮ್ಮ ಎಲ್ಲವನ್ನೂ ನೋಡಿದ್ದಳು. ಕೈ ಚಾಚಿ, "ಕೊಡಿ ಇಲ್ಲಿ" ಎಂದಳು. ಹುರಿ ಅವಳ ಕೈಗೆ ಬಂತು. ಗಂಟನ್ನು ಬೆರಳಲ್ಲಿ ಹಿಡಿದು, "ಇದು ಯಾವ್ದರ ಅಳತೆ?" ಎಂದು ಕೇಳಿದಳು.

"ಕಾರಿಂದು."

"ನಮ್ಮನೆ ಗೇಟು?"

ಚನ್ನವೀರಯ್ಯ ಸ್ಟೀರಿಂಗ್ ಒರೆಸತೊಡಗಿದರು. ಅವಳು ಹಿಂದೆ ತಿರುಗಿ ನಮ್ಮನ್ನು ನೋಡಿದಳು. ನಮ್ಮವರು ಹುಟ್ಟಿದಾರಭ್ಯ ಕೆರೆಯನ್ನೇ ನೋಡದವರ ಹಾಗೆ ಕಿಟಕಿಯಾಚೆ ಕಣ್ಣು ನೆಟ್ಟಿದ್ದರು. ನಾನು ಸೆರಗು ಸರಿಮಾಡಿಕೊಂಡೆ.

"ಎರಡು ಬೆರಳು ಕಮ್ಮಿ" ಎಂದರು ಚನ್ನವೀರಯ್ಯ ಕೊನೆಗೆ.

"ಅದಕ್ಕೇನಾ ಆ ಕಂಬಕ್ಕೆ ದಿನಾ ವಿಭೂತಿ?"

"ಹೂಂ."

"ನಾನ್ ಹಾಕ್ಸಿದ್ ಗ್ರಾನೈಟು."

"ಆಸೆಪಟ್ಟು ಹಾಕ್ಸಿದ್ದೆ. ಹೆಂಗೆ ಹೇಳೋದು?"

ಹೊರಗೆ ಓಲಗ ಜೋರಾಗಿ ಬಾರಿಸುತ್ತಿದ್ದರು. ಕರಿಬಸಮ್ಮ ಹುರಿಯನ್ನು ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು, ಮೂಗು ಒರೆಸಿಕೊಂಡು, "ನಡೀರಿ" ಎಂದಳು. ಇನ್ನೋವಾ ಎರಡು ಕಂಬಗಳ ನಡುವೆ ಸಲೀಸಾಗಿ ಸಾಗಿ, ಕಲ್ಲು ಹಾಸಿನ ಮೇಲೆ ಹೋಗಿ, ಸರಿಯಾಗಿ ಹೊಸ್ತಿಲ ಎದುರಿಗೆ ನಿಂತಿತು.

ಅವಳು ಇಳಿದಳು. ಹಸಿರು ಸೀರೆಯ ನೆರಿಗೆ ಒಂದೂ ಕದಲಿರಲಿಲ್ಲ, ಮುಡಿಯಲ್ಲಿ ನನ್ನ ಬಳ್ಳಿಯ ಕೊನೆಯ ಮಲ್ಲಿಗೆ ಹಾಗೇ ಇತ್ತು. ಊರಿನವರೆಲ್ಲ ನೋಡುತ್ತಿದ್ದರು. ಶಿವಗಂಗಮ್ಮ ಮುಂದೆ ಬಂದು ಬಾನೆಟ್ ಸವರಿ, "ಅಬ್ಬಬ್ಬ, ಏನ್ ಕಾರಮ್ಮ ಇದು! ಅಂತೂ ಬಸ್ಸು ಬಿಟ್ಟೆ ಅನ್ನು!" ಎಂದಳು. ನಾನು ಹಿಂದಿನ ಸೀಟಿನಲ್ಲಿ ಗಾಜು ಇಳಿಸಿ ಕಿವಿಯೊಡ್ಡಿದೆ. ಎರಡು ವರ್ಷದಿಂದ ಕಾದ ಮಾತು ಈಗ ಬರಬೇಕು.

ಕರಿಬಸಮ್ಮ ಅದನ್ನು ಆಡಲೇ ಇಲ್ಲ. ಕಾರನ್ನು ಸುತ್ತಿಕೊಂಡು ಡ್ರೈವರ್ ಸೀಟಿನ ಕಡೆಗೆ ಹೋದಳು. ತಾನೇ ಬಾಗಿಲು ತೆಗೆದು, ಗಂಡನ ಕೈ ಹಿಡಿದು ಇಳಿಸಿದಳು.

"ಅತ್ಗೆ, ಕಾರು ಆಮೇಲೆ ನೋಡೋರಂತೆ. ಮೊದ್ಲು ಇವ್ರಿಗೆ ಎಲೆ ಹಾಕ್ಸಿ. ಎಂಟು ತಿಂಗಳಿಂದ ನೆಟ್ಟಗೆ ಊಟ ಮಾಡಿಲ್ಲ" ಎಂದಳು.